ಕೊಪ್ಪಳ ಸೀಮೆಯ ಅನ್ನಯಾತ್ರೆ

ಸಸ್ಯಾಹಾರವು ನಮ್ಮ ನಾಡಿನ ಅನೇಕ ಮನೆತನಗಳಲ್ಲಿ ಹುಟ್ಟಿನಿಂದಲೇ ಬಂದ ಆಚಾರವಾಗಿದೆ. ಹುಟ್ಟಿನಿಂದ ಬಂದುದರ ವಿಷಯದಲ್ಲಿ ಮನುಷ್ಯನು ಸಾಮಾನ್ಯವಾಗಿ ವಿಚಾರ ಮಾಡುವದಿಲ್ಲ. ಮಹಾತ್ಮಾ ಗಾಂಧಿಯವರು 1888ರಲ್ಲಿ ವಿದ್ಯಾಭ್ಯಾಸಕ್ಕಾಗಿ ಲಂಡನ್ ಪಟ್ಟಣಕ್ಕೆ ಹೋದಾಗ ತಾಯಿಗೆ ಕೊಟ್ಟ ಮಾತಿಗಾಗಿ ಮಾಂಸವನ್ನು ವರ್ಜಿಸಿದ್ದರು. ಅಲ್ಲಿ ಹೆನ್ರಿ ಸಾಲ್ಟ್ ಎಂಬವರ ಪುಸ್ತಕವನ್ನು ಓದಿದ ಮೇಲೆ ತಾವು ಬುದ್ಧಿಪೂರ್ವಕವಾಗಿ ಸಸ್ಯಾಹಾರಿಗಳಾದೆವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿರುವರು. ರೂಢಿಯ ಸಸ್ಯಾಹಾರ ಬೇರೆ, ವಿಚಾರದ ಸಸ್ಯಾಹಾರ ಬೇರೆ. ನಮ್ಮ ಎಲೆಯ ಮೇಲೆ ಮಾಂಸವಿಲ್ಲವೆಂಬುದು ನಿಜ. ಆದರೆ ಆ ಎಲೆಗೆ ಬಂದ ಅನ್ನವು ಯಾವ ಹೊಲದಲ್ಲಿ, ಯಾವ ಕ್ರಮದಿಂದ, ಎಷ್ಟು ಜೀವಗಳನ್ನು ನೋಯಿಸಿ ಬೆಳೆದು ಬಂದಿತೆಂದು ನಮ್ಮಲ್ಲಿ ಕೇಳುವವರು ವಿರಳ.

ಈ ಪ್ರಶ್ನೆಯನ್ನೇ ಬುತ್ತಿಯಾಗಿ ಕಟ್ಟಿಕೊಂಡು, ಕಳೆದ ಮಾರ್ಗಶಿರ ಮಾಸದ ಕೊನೆಯಲ್ಲಿ ನಾವು ನಾಲ್ವರು ಮಿತ್ರರು ಧಾರವಾಡದಿಂದ ಮೋಟಾರಿನಲ್ಲಿ ಹೊರಟು, ಗದಗಿನ ಮಾರ್ಗವಾಗಿ ಕೊಪ್ಪಳ ಸೀಮೆಯನ್ನು ಸೇರಿದೆವು. ಆ ಭಾಗದಲ್ಲಿರುವ ಸಸ್ಯಾಹಾರಿ ಬಂಧುಗಳನ್ನೂ ವಿಷವನ್ನು ಹಾಕದೆ ಬೇಸಾಯ ಮಾಡುವ ಒಕ್ಕಲಿಗರನ್ನೂ ಕಂಡು ಮಾತಾಡಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳು 1948ರ ವರೆಗೆ ನಿಜಾಮರ ಸಂಸ್ಥಾನಕ್ಕೂ, 1956ರ ಏಕೀಕರಣದ ತರುವಾಯ ರಾಯಚೂರು ಜಿಲ್ಲೆಗೂ ಸೇರಿದ್ದು, 1997ರಲ್ಲಿ ಕೊಪ್ಪಳವೆಂಬ ಪ್ರತ್ಯೇಕ ಜಿಲ್ಲೆಯಾದವು. ಈಚೆಗೆ ಕನಕಗಿರಿ, ಕಾರಟಗಿ, ಕುಕನೂರುಗಳೂ ತಾಲೂಕುಗಳಾಗಿವೆ. ಆದರೂ ಜನರ ಬಾಯಲ್ಲಿ ಇಂದಿಗೂ ಆ ಹಳೆಯ ನಾಲ್ಕು ಹೆಸರುಗಳೇ ಹೆಚ್ಚಾಗಿ ಉಳಿದಿವೆ. ನಾವೂ ಅವನ್ನೇ ಅನುಸರಿಸಿ ಸಂಚರಿಸಿದೆವು.

ಕೊಪ್ಪಳವೆಂದರೆ ಪ್ರಾಚೀನ ಕೊಪಣನಗರ. ತಿರುಳ್ಗನ್ನಡದ ನಾಡಿನ ನಾಲ್ಕು ನೆಲೆಗಳಲ್ಲಿ ಇದೊಂದೆಂದು ಕವಿರಾಜಮಾರ್ಗಕಾರನು ಎಣಿಸಿರುವನು. ಊರ ಪಕ್ಕದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಸಣ್ಣ ಬಂಡೆಗಲ್ಲ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಧರ್ಮದಲ್ಲಿ ಪ್ರಯತ್ನಶೀಲನಾದರೆ ದೊಡ್ಡವನಷ್ಟೇ ಅಲ್ಲ, ಸಣ್ಣವನೂ ಸ್ವರ್ಗವನ್ನು ಪಡೆಯಬಲ್ಲನೆಂಬುದು ಅವುಗಳ ತಾತ್ಪರ್ಯ. ಇದೇ ಅಶೋಕನು ಗಿರಿನಾರ ಮೊದಲಾದ ಕಡೆಗಳಲ್ಲಿ ಕೊರೆಯಿಸಿದ ದೊಡ್ಡ ಶಾಸನಗಳ ಮೊದಲನೆಯದರಲ್ಲಿ ತನ್ನ ಅಡಿಗೆಯ ಮನೆಯ ಲೆಕ್ಕವನ್ನೇ ಪ್ರಜೆಗಳ ಮುಂದೆ ಇಟ್ಟಿರುವನು: ಮೊದಲು ನಿತ್ಯವೂ ಲಕ್ಷಾಂತರ ಪ್ರಾಣಿಗಳು ಅಲ್ಲಿ ಹತವಾಗುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಮುಂದೆ ಅವೂ ಇಲ್ಲ. ಚಕ್ರವರ್ತಿಯಾದವನೂ ಅಹಿಂಸೆಯ ಮೆಟ್ಟಿಲುಗಳನ್ನು ಒಂದೊಂದಾಗಿಯೇ ಏರಿದನೆಂಬುದು ಗೃಹಸ್ಥರಾದ ನಮಗೆ ಸಮಾಧಾನದ ಮಾತಾಗಿದೆ.

ಪಾಲ್ಕಿಗುಂಡಿನ ಮೇಲೆ ಜೈನಾಚಾರ್ಯನಾದ ಜಟಾಸಿಂಹನಂದಿಯ ಪಾದಗಳ ಗುರುತೂ ಕಿರುಶಾಸನವೂ ಇವೆ. ಸಂಸ್ಕೃತದಲ್ಲಿ ವರಾಂಗಚರಿತವೆಂಬ ಕಾವ್ಯವನ್ನು ರಚಿಸಿದವನು ಈತನೇ. ಆ ಪಾದಗಳ ಬಳಿಯಲ್ಲಿ ಕುಳಿತಾಗ ಜೈನಶಾಸ್ತ್ರದ ಒಂದು ವಿವೇಚನೆ ನೆನಪಿಗೆ ಬಂದಿತು. ಅಲ್ಲಿ ಹಿಂಸೆಯನ್ನು ನಾಲ್ಕು ವಿಧವಾಗಿ ವಿಂಗಡಿಸುವರು. ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವದು ಸಂಕಲ್ಪೀ. ಅಡಿಗೆ ಮೊದಲಾದ ಮನೆಗೆಲಸದಲ್ಲಿ ಆಗುವದು ಆರಂಭೀ. ಬೇಸಾಯ ಮೊದಲಾದ ವೃತ್ತಿಗಳಲ್ಲಿ ಒದಗುವದು ಉದ್ಯೋಗೀ. ಆತ್ಮರಕ್ಷಣೆಗಾಗಿ ಆಗುವದು ವಿರೋಧೀ. ಇವುಗಳಲ್ಲಿ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡತಕ್ಕದ್ದು. ಉಳಿದವನ್ನು ಸಾಧ್ಯವಾದಷ್ಟು ಕಡಿಮೆ ಮಾಡಿಕೊಳ್ಳತಕ್ಕದ್ದು. ನೇಗಿಲು ಹೂಡಿದರೆ ಹುಳು ಸಾಯುವದು. ಅದಕ್ಕಾಗಿ ನೇಗಿಲನ್ನು ಬಿಡಲು ಬರುವದಿಲ್ಲ. ಆದರೆ ಹುಳುಗಳನ್ನು ಕೊಲ್ಲುವದಕ್ಕೆಂದೇ ವಿಷವನ್ನು ಕೊಂಡು ತಂದು ಸಿಂಪಡಿಸುವದು ಯಾವ ವರ್ಗಕ್ಕೆ ಸೇರಬೇಕು? ಈ ಸಂದೇಹವು ಮೂರು ದಿನವೂ ನಮ್ಮ ಜೊತೆಯಲ್ಲಿಯೇ ಪ್ರಯಾಣ ಮಾಡಿತು.

ಗವಿಮಠದ ಗವಿಸಿದ್ಧೇಶ್ವರನ ಜಾತ್ರೆಯು ಪುಷ್ಯಮಾಸದಲ್ಲಿ ನಡೆಯುವದು. ಆಗಿನ ಮಹಾದಾಸೋಹವನ್ನು ಕಾಣದವರು ಅದನ್ನು ಊಹಿಸುವದೂ ಕಷ್ಟ. ಅನೇಕ ದಿನಗಳ ವರೆಗೆ ಲಕ್ಷಾಂತರ ಜನರು ಜಾತಿಮತಗಳ ವಿಚಾರವಿಲ್ಲದೆ ಒಂದೇ ಕಡೆಗೆ ಕುಳಿತು ಉಣ್ಣುವರು. ಜೋಳದ ರೊಟ್ಟಿಗಳು ಒಂದು ಅಡಿಗೆಯ ಮನೆಯಲ್ಲಿ ಬೆಂದವಲ್ಲ. ಸುತ್ತಲಿನ ಊರೂರ ತಾಯಂದಿರು ತಮ್ಮ ತಮ್ಮ ಒಲೆಗಳ ಮೇಲೆ ಬಡಿದು, ಒಣಗಿಸಿ, ಬಂಡಿಗಳಲ್ಲಿ ಹೇರಿ ಕಳಿಸಿದವು. ನಾವು ಹೋದಾಗ ಕೆಲವು ಮನೆಗಳಲ್ಲಿ ಆಗಲೇ ರೊಟ್ಟಿಯ ಸಿದ್ಧತೆ ನಡೆದಿದ್ದಿತು. ಕೊಪ್ಪಳದಲ್ಲಿ ನಮ್ಮನ್ನು ಬರಮಾಡಿಕೊಂಡ ಸಸ್ಯಾಹಾರಿ ಮಿತ್ರರ ಕೂಟದಲ್ಲಿ ವೀರಶೈವರಿದ್ದರು, ಜೈನರಿದ್ದರು, ಬ್ರಾಹ್ಮಣರಿದ್ದರು. ಹುಟ್ಟಿನಿಂದ ಮಾಂಸಾಹಾರಿಗಳಾಗಿದ್ದು ತಮ್ಮ ಮನಸ್ಸಿನಿಂದಲೇ ಅದನ್ನು ತೊರೆದ ಇಬ್ಬರು ತರುಣರೂ ಇದ್ದರು. ನಿಜವಾಗಿ ವ್ರತಸ್ಥರೆನ್ನಬೇಕಾದವರು ಇವರಿಬ್ಬರೇ ಎಂದು ನಮ್ಮಲ್ಲಿ ಒಬ್ಬರು ಹೇಳಿದಾಗ ಯಾರೂ ಎದುರಾಡಲಿಲ್ಲ.

ಆ ಕೂಟದಲ್ಲಿಯೇ ವಯಸ್ಸಾದ ಒಬ್ಬ ಗೃಹಿಣಿಯು ತಟ್ಟನೆ ಕೇಳಿದ ಮಾತು ನಮ್ಮ ಪ್ರವಾಸಕ್ಕೆ ದಿಕ್ಕು ತೋರಿಸಿತು. "ನಾವು ಏಕಾದಶಿ ಮಾಡ್ತೀವಿ, ಮಡಿ ಮಾಡ್ತೀವಿ, ಅಕ್ಕಿ ನಾಕು ಸಲ ತೊಳೀತೀವಿ. ಆದ್ರ ಒಳಗ ಸೇರಿದ ವಿಷಾ ಎಷ್ಟು ಸಲ ತೊಳದ್ರ ಹೋದೀತು, ಮಾಸ್ತರ?" ಆಹಾರದ ಶುದ್ಧಿಯೇ ಚಿತ್ತಶುದ್ಧಿಗೆ ಮೂಲವೆಂದು ಛಾಂದೋಗ್ಯೋಪನಿಷತ್ತು ಸಾರುತ್ತದೆ. ಆ ಶುದ್ಧಿಯು ಅಡಿಗೆಮನೆಯಿಂದ ಆರಂಭವಾಗುವದಲ್ಲ, ಹೊಲದಿಂದ ಆರಂಭವಾಗುವದೆಂದು ಆ ತಾಯಿಯ ಪ್ರಶ್ನೆಯ ಭಾವ.

ಮರುದಿನ ಗಂಗಾವತಿಯ ದಾರಿ ಹಿಡಿದೆವು. ಹೈದರಾಬಾದು ಸಂಸ್ಥಾನವೂ ಮದರಾಸು ಪ್ರಾಂತವೂ ಕೂಡಿ 1945ರಲ್ಲಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಈ ಭೂಮಿಯ ರೂಪವೇ ಬದಲಾಯಿತು. ಎಡದಂಡೆಯ ಕಾಲುವೆಯ ನೀರು ಹರಿದಲ್ಲೆಲ್ಲ ಜೋಳ ಹೋಗಿ ಬತ್ತ ಬಂದಿತು. ಆಂಧ್ರದಿಂದ ಬಂದ ಕೃಷಿಕರು ಕಾಲುವೆಯ ಉದ್ದಕ್ಕೂ ನೆಲಸಿ ಮಾಡಿಕೊಂಡ ಊರುಗಳಿಗೆ ಇಂದಿಗೂ ಕ್ಯಾಂಪುಗಳೆಂದೇ ಹೆಸರು. ಗಂಗಾವತಿಯನ್ನು ಬತ್ತದ ಕಣಜವೆಂದು ಕರೆಯುವದು ಉಪಚಾರದ ಮಾತಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ಸೋನಾ ಮಸೂರಿ ಅಕ್ಕಿ ಇಲ್ಲಿಯ ಗಿರಣಿಗಳಿಂದಲೇ ಬರುವದು. ಈ ಉಪಕಾರವನ್ನು ಮರೆಯಬಾರದು.

ಆದರೆ ಕಣಜ ತುಂಬಿದಂತೆ ಮಣ್ಣು ಬಡವಾಗುತ್ತ ಬಂದಿದೆ. ಈ ಕಾಲುವೆಯನ್ನು ಯೋಜಿಸಿದವರು ಬಹುಭಾಗಕ್ಕೆ ಅಲ್ಪ ನೀರಿನ ಬೆಳೆಗಳನ್ನೇ ಗೊತ್ತುಮಾಡಿದ್ದರು. ಜನರು ಲಾಭವನ್ನು ನೋಡಿ ಬತ್ತವನ್ನೇ ಹಿಡಿದರು. ಕರಿಯ ಮಣ್ಣಿನಲ್ಲಿ ವರ್ಷಾನುವರ್ಷ ನೀರು ನಿಂತರೆ ಅಂತರ್ಜಲವು ಮೇಲೇರುವದು. ಬಿಸಿಲಿಗೆ ನೀರು ಆವಿಯಾಗಿ ಹೋದಾಗ ಅದರಲ್ಲಿದ್ದ ಲವಣವು ಮಣ್ಣಿನ ಮೇಲೆಯೇ ನಿಲ್ಲುವದು. ಹೀಗೆ ಸವಳಾದ ಭೂಮಿಗಳು ಈ ಭಾಗದಲ್ಲಿ ವಿಶೇಷ. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದ ಪ್ರಮುಖ ವಿಷಯಗಳಲ್ಲಿ ಒಂದು ಸವಳು ಭೂಮಿಯ ಸುಧಾರಣೆಯೇ ಆಗಿರುವದು ಇದಕ್ಕೆ ಸಾಕ್ಷಿ. ಒಂದೇ ಬೆಳೆ ಬಿಡುವಿಲ್ಲದೆ ಬಂದಲ್ಲಿ ಕೀಟಗಳೂ ಬಿಡುವಿಲ್ಲದೆ ಬರುವವು. ಅವುಗಳ ಹಿಂದೆ ಔಷಧಿಯೆಂಬ ಹೆಸರಿನ ವಿಷವೂ ಬರುವದು. ಕಾಸರಗೋಡು ಸೀಮೆಯ ನಮ್ಮ ಕನ್ನಡ ಬಂಧುಗಳು ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಫಲವನ್ನು ಉಂಡ ದುಃಖವನ್ನು ನಾವು ಬಲ್ಲೆವು. ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಷೇಧಿಸಿದ್ದು 2011ರಲ್ಲಿ; ಅಷ್ಟರಲ್ಲಿ ಒಂದು ತಲೆಮಾರು ನೊಂದುಹೋಗಿತ್ತು.

ಗಂಗಾವತಿಯ ಹತ್ತಿರದ ಒಂದು ಹಳ್ಳಿಯಲ್ಲಿ ಎರಡೇ ಎಕರೆಯಲ್ಲಿ ಸಾವಯವ ಬತ್ತ ಬೆಳೆಯುವ ಒಬ್ಬ ಗೃಹಸ್ಥರನ್ನು ಕಂಡೆವು. ನಾಟಿಗೆ ಮೊದಲು ಡಯಂಚ ಮತ್ತು ಸೆಣಬುಗಳನ್ನು ಬಿತ್ತಿ, ಹೂ ಬಿಡುವಷ್ಟರಲ್ಲಿ ಮಣ್ಣಿನಲ್ಲಿ ಮುಚ್ಚುವರು. ಹುಲ್ಲನ್ನು ಸುಡುವದಿಲ್ಲ. ಇನ್ನೂರು ಲೀಟರು ನೀರಿಗೆ ಹತ್ತು ಕಿಲೋ ಸೆಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಹೊಲದ ಮಣ್ಣು ಇವನ್ನು ಕಲಸಿ ಜೀವಾಮೃತ ಮಾಡುವರು. ಅದು ಎಕರೆಗೆ ಒಂದು ಸಲಕ್ಕೆ ಸಾಕು. ಅವರ ಸಂಕಟ ಬೇರೊಂದು. ಮೇಲಿನ ಗದ್ದೆಯವರು ವಿಷ ಸಿಂಪಡಿಸಿ ಬಿಟ್ಟ ನೀರು ಬದು ದಾಟಿ ಇವರ ಮಡಿಗೇ ಇಳಿಯುವದು. "ನೀರಿಗೆ ಬೇಲಿ ಹಾಕಾಕ ಬರ್ತೈತೇನ್ರಿ, ಸರ?" ಎಂದು ಅವರು ಕೇಳಿದರು. ಅಡತಿ ಅಂಗಡಿಯಲ್ಲಿ ಅವರ ಬತ್ತವನ್ನೂ ನೆರೆಯವರ ಬತ್ತವನ್ನೂ ಒಂದೇ ರಾಶಿಗೆ ಸುರಿದು ಒಂದೇ ದರ ಕಟ್ಟುವರು. ನಮ್ಮ ರಾಜ್ಯವು 2004ರಲ್ಲಿಯೇ ಸಾವಯವ ಕೃಷಿಯ ನೀತಿಯನ್ನು ಸಾರಿದೆ. ಆದರೆ ನೀತಿಯು ಕಾಗದದಿಂದ ತಕ್ಕಡಿಗೆ ಇಳಿಯಬೇಕಾದರೆ ಕೊಳ್ಳುವವನೂ ಒಬ್ಬನು ಬೇಕಲ್ಲವೆ?

ಗಂಗಾವತಿಯಿಂದ ಕನಕಗಿರಿ, ತಾವರಗೇರಿಗಳ ಮೇಲೆ ಕುಷ್ಟಗಿಗೆ ಹೋಗುವಾಗ ಕಾಲುವೆಯ ಹಸಿರು ಹಿಂದೆ ಉಳಿಯುವದು. ಬೋಳು ಗುಡ್ಡಗಳು, ಜಾಲಿ, ಬೇವು, ಕೆಂಪು ಮಸಾರಿ ನೆಲ, ನಡುನಡುವೆ ಎರೆಯ ಹೊಲ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ. ಅದೂ ಬಂದರೆ ಬಂದಿತು. ಸಜ್ಜೆ, ಹೆಸರು, ತೊಗರಿ, ಮಡಕಿ, ಎಳ್ಳು, ಗುರೆಳ್ಳುಗಳು ಈ ಸೀಮೆಯ ಮಕ್ಕಳು. 2023ನೆಯ ಇಸವಿಯನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜಗತ್ತು ಹೊಸದಾಗಿ ಹೊಗಳಿದ ಸಜ್ಜೆಯನ್ನು ಕುಷ್ಟಗಿಯವರು ತಲೆತಲಾಂತರದಿಂದ ಎಳ್ಳು ಹಚ್ಚಿ ರೊಟ್ಟಿ ಬಡಿದು ಉಣ್ಣುತ್ತಿರುವರು. ನಡುವೆ ಇಲ್ಲಿ ದಾಳಿಂಬೆಯ ವೈಭವವೂ ಬಂದು ಹೋಯಿತು. ಕುಷ್ಟಗಿಯ ದಾಳಿಂಬೆ ಹೊರದೇಶಗಳಿಗೂ ಹೋಗುತ್ತಿದ್ದಿತು. ಈ ಶತಮಾನದ ಮೊದಲ ದಶಕದಲ್ಲಿ ದುಂಡಾಣು ಅಂಗಮಾರಿ ರೋಗವು ಬಿದ್ದು ತೋಟಗಳು ಒಂದರ ಹಿಂದೊಂದು ಒಣಗಿದವು. ಒಂದೇ ಬೆಳೆಯನ್ನು ನಂಬಿ ಸಾಲ ಮಾಡಿದವನ ಪಾಡು ಏನೆಂಬುದನ್ನು ಈ ಊರುಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ಕುಷ್ಟಗಿಯ ಆಚೆಗೆ ಒಂದು ಹೊಲದಲ್ಲಿ ನಾವು ಕಂಡ ದೃಶ್ಯವು ನಮ್ಮ ಸಸ್ಯಾಹಾರದ ವಿಚಾರವನ್ನೇ ಒರೆಗೆ ಹಚ್ಚಿತು. ಬೆಳೆ ಕೊಯ್ದ ಹೊಲದಲ್ಲಿ ಇನ್ನೂರು ಮುನ್ನೂರು ಕುರಿಗಳ ಮಂದೆ ಬಲೆಯ ಆವರಣದೊಳಗೆ ನಿಂತಿದ್ದಿತು. ಇದಕ್ಕೆ ಕುರಿ ತರುಬಿಸುವದೆನ್ನುವರು. ಕುರಿಗಾರನು ರಾತ್ರಿಯೆಲ್ಲ ಮಂದೆಯನ್ನು ಆ ಹೊಲದಲ್ಲಿ ನಿಲ್ಲಿಸುವನು. ಹಿಕ್ಕಿಯೂ ಮೂತ್ರವೂ ಮಣ್ಣಿಗೆ ಸೇರುವವು. ಹೊಲದವನು ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುವನು. ಹೊಲದ ಯಜಮಾನರು ರಾಸಾಯನಿಕವನ್ನು ಬಿಟ್ಟು ಹದಿನಾಲ್ಕು ವರ್ಷಗಳಾದ ವೃದ್ಧರು, ತಾವೂ ಸಸ್ಯಾಹಾರಿಗಳೇ. ಈ ಕುರಿಗಳು ಕಡೆಗೆ ಎಲ್ಲಿಗೆ ಹೋಗುವವೆಂಬುದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಒಬ್ಬರು ಅದನ್ನು ಕೇಳಿಯೂ ಬಿಟ್ಟರು. ಮುದುಕರು ಸಿಟ್ಟಾಗದೆ ಹೇಳಿದ ಮಾತು ಇದು: "ನೀವು ಕುರಿ ತಿನ್ನಂಗಿಲ್ಲ, ಖರೆ, ಮಾಸ್ತರ. ನಾನೂ ತಿನ್ನಂಗಿಲ್ಲ. ಆದ್ರ ನಾವು ಉಣ್ಣೋದು ಜ್ವಾಳ, ಜ್ವಾಳ ಉಣ್ಣೋದು ಕುರಿ ಹಿಕ್ಕಿ. ಕುರಿಗಾರ ಬ್ಯಾಡಂದ್ರ ಅಂಗಡ್ಯಾಗಿನ ಚೀಲಾ ತರಬೇಕು. ಯಾವುದು ಬೇಕು, ನೀವ ಹೇಳ್ರಿ."

ಈ ಮಾತು ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ ಗಿಡಗಳಿಗೆ ಹೇಳಿದ ಗೊಬ್ಬರದಲ್ಲಿ ಮೊದಲನೆಯದೇ ಕುರಿ ಮತ್ತು ಆಡುಗಳ ಹಿಕ್ಕಿಯ ಪುಡಿ. ಎಳ್ಳು, ಹಿಟ್ಟು, ನೀರುಗಳ ಜೊತೆಗೆ ಮಾಂಸವನ್ನೂ ಕೂಡಿಸಿ ಏಳು ರಾತ್ರಿ ಇಡಬೇಕೆನ್ನುವನು. ಸುರಪಾಲನ ವೃಕ್ಷಾಯುರ್ವೇದದಲ್ಲಿ ಬರುವ ಕುಣಪಜಲವೂ ಪ್ರಾಣಿಗಳ ಮಾಂಸ ಮೇದಸ್ಸುಗಳಿಂದಲೇ ಆಗುವದು. ಇಂದಿನ ಜೀವಾಮೃತದಲ್ಲಿ ಮಾಂಸವಿಲ್ಲ, ಸೆಗಣಿ ಗಂಜಲಗಳಿವೆ. ಆದರೆ ಪ್ರಾಣಿಯಿಲ್ಲದೆ ಅದೂ ಇಲ್ಲ. 1924ರಿಂದ 1931ರ ವರೆಗೆ ಇಂದೂರಿನಲ್ಲಿದ್ದು ಕಾಂಪೋಸ್ಟು ಗೊಬ್ಬರದ ಕ್ರಮವನ್ನು ರೂಪಿಸಿದ ಸರ್ ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ವಿದ್ವಾಂಸರೂ, ಪ್ರಕೃತಿಯು ಪಶುಗಳಿಲ್ಲದೆ ಎಲ್ಲಿಯೂ ಬೇಸಾಯ ಮಾಡುವದಿಲ್ಲವೆಂದೇ 1940ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಹೀಗಿರಲು, ತನ್ನ ಎಲೆಯಲ್ಲಿ ಮಾಂಸವಿಲ್ಲವೆಂಬ ಕಾರಣದಿಂದ ಕುರಿಗಾರನನ್ನು ಕೀಳಾಗಿ ಕಾಣುವ ಸಸ್ಯಾಹಾರಿಯು ತನ್ನ ರೊಟ್ಟಿಯ ವಂಶವೃಕ್ಷವನ್ನೇ ಅರಿಯನು. ಹಾಲು ಕುಡಿಯುವ ನಾವು ಹೋರಿಗರುವಿಗೆ ದುಡಿಮೆಯೆಲ್ಲಿ ಉಳಿಯಿತೆಂದು ವಿಚಾರಿಸಬೇಕು. ಟ್ರ್ಯಾಕ್ಟರು ಬಂದ ಊರಲ್ಲಿ ಎತ್ತನ್ನು ಇಂದಿಗೂ ಸಾಕುವವನು ಈ ಸಾವಯವ ಒಕ್ಕಲಿಗನೇ. ಅಹಿಂಸೆಯೆಂಬುದು ಹೆಮ್ಮೆಗೆ ಕಾರಣವಾದರೆ ಅದು ಅಷ್ಟರಮಟ್ಟಿಗೆ ಕುಂದಿತೆಂದೇ ತಿಳಿಯಬೇಕು.

ಮೂರನೆಯ ದಿನ ಯಲಬುರ್ಗಾ. ಸಿಂದರು ಆಳಿದ ಊರು. ಈ ಸೀಮೆಯಲ್ಲಿಯೇ ಕುಕನೂರಿನ ನವಲಿಂಗ ದೇವಾಲಯಗಳಿವೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯವಿದೆ. ದೇವಾಲಯ ಚಕ್ರವರ್ತಿಯೆಂಬ ಬಿರುದು ಅದಕ್ಕೆ ಶಾಸನದಲ್ಲಿಯೇ ಬಂದಿದೆ. ಕಣ್ಣಾರೆ ಕಂಡವರು ಅದನ್ನು ಅತಿಶಯೋಕ್ತಿಯೆನ್ನರು. ಆದರೆ ನಮ್ಮನ್ನು ಅಂದು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಆ ಕಲ್ಲಿನ ಕುಸುರಿಯಲ್ಲ. ಅಲ್ಲಿಂದ ಸ್ವಲ್ಪ ದೂರದ ಒಂದು ಎರೆಹೊಲ.

ಅದರ ಒಡತಿ ನಡುವಯಸ್ಸಿನ ವಿಧವೆ. ಆರು ಎಕರೆ ಭೂಮಿ. ಹಿಂಗಾರಿ ಬಿಳಿಜೋಳ ತೆನೆ ಹಿರಿದು ನಿಂತಿದ್ದಿತು. ಮಗ್ಗುಲಲ್ಲಿ ಕಡಲೆ, ಕಡಲೆಯ ನಡುವೆ ಅಲ್ಲಲ್ಲಿ ಕೊತ್ತಂಬರಿ, ಹೊಲದ ಸುತ್ತ ಕುಸುಬಿಯ ಸಾಲು. ಕುಸುಬಿಯ ಮುಳ್ಳಿಗೆ ದನ ಒಳಗೆ ಬರುವದಿಲ್ಲ. ಕೊತ್ತಂಬರಿಯ ಹೂವಿಗೆ ಬರುವ ಸಣ್ಣ ಕೀಟಗಳು ಕಡಲೆಯ ಕಾಯಿಕೊರಕ ಹುಳುವಿಗೆ ವೈರಿಗಳು. ನಡುನಡುವೆ ಹಕ್ಕಿಗಳು ಕೂಡಲೆಂದು ಕವಲುಗೋಲುಗಳನ್ನು ನೆಟ್ಟಿದ್ದಳು. ಹುಳು ಮಿತಿಮೀರಿದಾಗ ಬೇವಿನ ಬೀಜದ ಕಷಾಯ. ಹುಳುಗಳೆಲ್ಲ ಸತ್ತು ಹೋಗಬೇಕೆಂಬ ಹಟ ಅವಳಲ್ಲಿಲ್ಲ. "ಅವೂ ಒಂದೀಟು ತಿನ್ಲಿ, ಹಕ್ಕಿ ಒಂದೀಟು ತಿನ್ಲಿ, ಉಳಿದದ್ದು ನಮಗ ಸಾಕು, ಯಣ್ಣಾ" ಎಂದಳು. ಗವಿಮಠದ ಬೆಟ್ಟದಿಂದ ನಾವು ಹೊತ್ತು ತಂದ ಸಂದೇಹಕ್ಕೆ ಈ ಮಾತಿನಲ್ಲಿ ಉತ್ತರ ಸಿಕ್ಕಿತು. ಬೇಸಾಯದಲ್ಲಿ ಹಿಂಸೆ ತಪ್ಪದು; ಆದರೆ ನಿರ್ಮೂಲ ಮಾಡುವೆನೆಂಬ ಸಂಕಲ್ಪವನ್ನು ಬಿಡಲು ಬರುವದು. ಆ ಸಂಕಲ್ಪವನ್ನು ಬಿಟ್ಟ ಹೊಲದ ಕಾಳೇ ಸಸ್ಯಾಹಾರಿಗೆ ಯೋಗ್ಯವಾದ ಕಾಳು.

ಅವಳ ಮನೆಯ ಮಾಡಿನಲ್ಲಿ ಬೂದಿ ಬೆರಸಿದ ಬೀಜಗಳ ಗಡಿಗೆಗಳು ಸಾಲಾಗಿದ್ದವು. ಊಟಕ್ಕೆ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಲೆ, ಗುರೆಳ್ಳ ಹಿಂಡಿ, ಹೊಲದಿಂದ ಆಗಲೇ ಕಿತ್ತು ತಂದ ಹಕ್ಕರಕಿ, ಗಟ್ಟಿ ಮೊಸರು. ಉಪ್ಪು ಒಂದನ್ನುಳಿದು ಎಲೆಯ ಮೇಲಿನದೆಲ್ಲವೂ ಆ ಹೊಲದ್ದು, ಆ ಹಟ್ಟಿಯದು. ಎರಡು ದಿನಗಳಲ್ಲಿ ಎಳ್ಳಮಾವಾಸ್ಯೆ; ಅಂದು ಮನೆಯವರೆಲ್ಲ ಹೊಲಕ್ಕೆ ಹೋಗಿ, ಭೂತಾಯಿಯನ್ನು ಪೂಜಿಸಿ, ಬೆಳೆಯ ನಡುವೆ ಅನ್ನದ ಚರಗ ಚೆಲ್ಲುವರು. ಉಣ್ಣುವ ಮೊದಲು ಉಣಿಸುವದೆಂಬ ಈ ಆಚಾರದ ಅರ್ಥವನ್ನು ಬಲ್ಲ ಜನರಿಗೆ ಅಹಿಂಸೆಯ ಉಪನ್ಯಾಸ ಬೇಕಾಗಿಲ್ಲ.

ಬೇಕಾದದ್ದು ಬೇರೆ. ಮಗನು ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿರುವನು. ಜೋಳಕ್ಕೆ ನಿಂತ ದರ ಸಿಕ್ಕರೆ ಬರುವೆನೆನ್ನುತ್ತಾನೆ. ಇಲ್ಲದಿದ್ದರೆ ಹೊಲವನ್ನು ಲಾವಣಿಗೆ ಕೊಡುವೆನೆನ್ನುತ್ತಾನೆ. ಲಾವಣಿಗೆ ಹೋದ ಹೊಲಕ್ಕೆ ಮೊದಲ ವರ್ಷವೇ ಚೀಲದ ಗೊಬ್ಬರ, ಡಬ್ಬಿಯ ವಿಷ. ಎಷ್ಟೋ ವರ್ಷಗಳ ಮಣ್ಣಿನ ಹದವೂ ಆ ಗಡಿಗೆಗಳ ಬೀಜವೂ ಒಂದು ದರದ ಮೇಲೆ ತೂಗಾಡುತ್ತಿರುವವು.

ನಮ್ಮ ಜೊತೆಯಲ್ಲಿ ಬಂದಿದ್ದ ಕೊಪ್ಪಳದ ಮಿತ್ರರು ಅಂದೇ ಅಲ್ಲಿಯೇ ಕುಳಿತು ಒಂದು ಒಪ್ಪಂದ ಮಾಡಿಕೊಂಡರು. ಅವರ ಕೂಟದ ಇಪ್ಪತ್ತು ಮನೆಗಳು ವರ್ಷಕ್ಕೆ ಬೇಕಾಗುವ ಜೋಳ, ಕಡಲೆ, ಕುಸುಬೆಣ್ಣೆಗಳನ್ನು ಈ ತಾಯಿಯಿಂದಲೇ ಕೊಳ್ಳುವದು. ದರವನ್ನು ಬಿತ್ತುವ ಮೊದಲೇ ಗೊತ್ತುಮಾಡಿ, ನಾಲ್ಕರಲ್ಲಿ ಒಂದು ಭಾಗವನ್ನು ಮುಂಗಡವಾಗಿ ಕೊಡುವದು. ಮಳೆ ಕೈಕೊಟ್ಟರೆ ಮುಂಗಡವನ್ನು ಬರುವ ವರ್ಷಕ್ಕೆ ಹಿಡಿಯುವದು. ಗಂಗಾವತಿಯ ಗೃಹಸ್ಥರ ಅಕ್ಕಿಗೂ ಇದೇ ಕ್ರಮ. ಇದರಲ್ಲಿ ದಾನವಿಲ್ಲ, ಉಪಕಾರವಿಲ್ಲ. ಉಣ್ಣುವವನು ಬೆಳೆಯುವವನ ಕಷ್ಟದಲ್ಲಿ ಪಾಲುಗಾರನಾಗುವದಷ್ಟೇ ಇದೆ.

ಈ ಪತ್ರಿಕೆಯನ್ನು ಓದುವ ಗೃಹಸ್ಥರೂ ಗೃಹಿಣಿಯರೂ ತಮ್ಮ ತಮ್ಮ ಊರಲ್ಲಿ ಇದನ್ನು ಮಾಡಲು ಬರುವದು. ವಾರಕ್ಕೆ ಎರಡು ದಿನ ಅಕ್ಕಿಯ ಬದಲು ಜೋಳ ಸಜ್ಜೆಗಳನ್ನು ಉಂಡರೆ ಕಾಲುವೆಯ ನೀರೂ ಉಳಿದೀತು, ಒಣಬೇಸಾಯದವನೂ ಉಳಿದಾನು. ಕಾಯಿಪಲ್ಲೆಯಲ್ಲಿ ಒಂದೆರಡು ಹುಳು ಕಂಡರೆ ಮುಖ ಸಿಂಡರಿಸದೆ ಬಿಡಿಸಿ ತೆಗೆಯುವದು. ನಾವು ಹುಳುವಿಲ್ಲದ ಹೊಳಪನ್ನೇ ಬೇಡುತ್ತ ಹೋದಷ್ಟು ಕಾಲ ಒಕ್ಕಲಿಗನು ವಿಷವನ್ನೇ ಸಿಂಪಡಿಸುತ್ತ ಇರುವನು. ಹತ್ತು ಮನೆ ಕೂಡಿ ಒಬ್ಬ ಒಕ್ಕಲಿಗನನ್ನು ಹಿಡಿಯಬೇಕು. ಬೆಳೆ ನಿಂತಾಗ ಒಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಅವನ ಹೊಲಕ್ಕೆ ಹೋಗಬೇಕು. ಕೊಪ್ಪಳದ ಕಡೆಗೆ ಹೋಗುವವರು ಎಳ್ಳಮಾವಾಸ್ಯೆಯಿಂದ ಗವಿಮಠದ ಜಾತ್ರೆಯ ವರೆಗಿನ ದಿನಗಳನ್ನು ಆರಿಸಿಕೊಳ್ಳುವದು ಉತ್ತಮ. ಆಗ ಬಿಸಿಲು ಹಿತ, ಹೊಲದಲ್ಲಿ ಬೆಳೆ, ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ.

ಮಾಂಸವನ್ನು ಬಿಡುವದು ಸಸ್ಯಾಹಾರದ ಮೊದಲ ಮೆಟ್ಟಿಲು. ಅನ್ನವನ್ನು ಬೆಳೆದವರನ್ನೂ, ಅವರ ಮಣ್ಣನ್ನೂ, ಆ ಮಣ್ಣಿಗೆ ಉಣಿಸಿದ ಎತ್ತು ಕುರಿಗಳನ್ನೂ ಅರಿತು ಉಣ್ಣುವದು ಎರಡನೆಯದು.